ನುಂಗಲಾರದವರ ವೈದ್ಯ ಇಬ್ನ್ ಝುಹ್ರ್

ಒಂದು ತುತ್ತು ಅನ್ನ ಗಂಟಲು ದಾಟಿದ ಮೇಲೆ ನಾವು ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಎಂಟು ಹತ್ತು ಸೆಕೆಂಡುಗಳಲ್ಲಿ ಅದು ಎದೆಯ ಒಳಗಿನ ದಾರಿಯನ್ನು ಮುಗಿಸಿ ಹೊಟ್ಟೆ ಸೇರಿರುತ್ತದೆ. ಆ ದಾರಿ ಇದೆ ಎಂಬುದು ನಮಗೆ ಗೊತ್ತಾಗುವುದು ಅದು ಮುಚ್ಚಿಕೊಳ್ಳಲು ಶುರುವಾದಾಗ ಮಾತ್ರ. ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತದೆ, ನೀರು ಕುಡಿದರೆ ಇಳಿಯುತ್ತದೆ. ಕೆಲವು ವಾರಗಳ ನಂತರ ಗಂಜಿಯೂ ಕಷ್ಟವಾಗುತ್ತದೆ. ಕೊನೆಗೆ ನೀರೂ ಇಳಿಯುವುದಿಲ್ಲ. ಮನೆಯಲ್ಲಿ ಅಡುಗೆ ಇದ್ದೂ, ಹಸಿವು ಇದ್ದೂ, ಮನುಷ್ಯ ಉಪವಾಸದಿಂದ ಸಾಯುವ ಕಾಯಿಲೆ ಅದು. ಹನ್ನೆರಡನೆಯ ಶತಮಾನದ ಸ್ಪೇನಿನಲ್ಲಿ, ಅಂದರೆ ಅಂದಿನ ಅಂದಲುಸಿನಲ್ಲಿ, ಇಂತಹ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು, ಕಂಡದ್ದನ್ನು ಕಂಡಂತೆ ಬರೆದಿಟ್ಟ ವೈದ್ಯರೊಬ್ಬರಿದ್ದರು. ಅವರೇ ಅಬೂ ಮರ್ವಾನ್ ಅಬ್ದುಲ್ ಮಲಿಕ್ ಇಬ್ನ್ ಝುಹ್ರ್. ಯುರೋಪಿನವರು ಆ ಹೆಸರನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡು ಅವೆಂಝೋವರ್ ಎಂದು ಕರೆದರು.

ಇಬ್ನ್ ಸೀನಾ, ಅಲ್ ರಾಝಿ, ಇಬ್ನ್ ರುಶ್ದ್ ಮುಂತಾದವರ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಭಾಷಣ ಸ್ಪರ್ಧೆಗಳಲ್ಲಿ ಹೇಳುವುದನ್ನು ಕೇಳುತ್ತಲೇ ಇರುತ್ತೇವೆ. ಇಬ್ನ್ ಝುಹ್ರರ ಹೆಸರು ಆ ಪಟ್ಟಿಯಲ್ಲಿ ಬರುವುದು ಅಪರೂಪ. ಅದಕ್ಕೆ ಒಂದು ಕಾರಣವೂ ಇದೆ. ಉಳಿದವರು ವೈದ್ಯರಾಗಿದ್ದರ ಜೊತೆಗೆ ತತ್ವಜ್ಞಾನಿಗಳೂ ಆಗಿದ್ದರು, ಹತ್ತಾರು ವಿದ್ಯೆಗಳಲ್ಲಿ ಕೈಯಾಡಿಸಿದವರು. ಇಬ್ನ್ ಝುಹ್ರ್ ಸಾಹಿತ್ಯ ಮತ್ತು ಧರ್ಮಶಾಸ್ತ್ರ ಓದಿದ್ದರೂ ಜೀವನಪೂರ್ತಿ ಮಾಡಿದ್ದು ಒಂದೇ ಕೆಲಸ. ಅದು ವೈದ್ಯವೃತ್ತಿ.

ಅವರು ಹುಟ್ಟಿದ್ದು ಕ್ರಿ.ಶ. 1094ರ ಸುಮಾರಿಗೆ, ಇಶ್ಬೀಲಿಯಾ ನಗರದಲ್ಲಿ. ಇಂದಿನ ಸೆವಿಲ್. ಮನೆತನವೇ ಪಂಡಿತರದ್ದು. ಅಜ್ಜ ಅಬ್ದುಲ್ ಮಲಿಕ್ ಖೈರವಾನ್ ಮತ್ತು ಈಜಿಪ್ಟಿನ ಕಡೆಗೆ ಹೋಗಿ, ಅಲ್ಲಿ ಬಹುಕಾಲ ವೈದ್ಯ ಮಾಡಿ ಮರಳಿದವರು. ತಂದೆ ಅಬುಲ್ ಅಲಾ ಝುಹ್ರ್ ಅಂತೂ ತಮ್ಮ ಕಾಲದ ಅಂದಲುಸಿನಲ್ಲಿ ದೊಡ್ಡ ಹೆಸರು. ನಾಡಿ ನೋಡಿ ಕಾಯಿಲೆ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂಬ ಖ್ಯಾತಿ ಇತ್ತು. ಸ್ವಭಾವ ಮಾತ್ರ ಸ್ವಲ್ಪ ಬಿಗಿ. ಇಬ್ನ್ ಸೀನಾರ ಅಲ್ ಖಾನೂನ್ ಗ್ರಂಥ ಆಗಿನ್ನೂ ಪಶ್ಚಿಮಕ್ಕೆ ಹೊಸದು. ಇರಾಕಿನಿಂದ ಬಂದ ವ್ಯಾಪಾರಿಯೊಬ್ಬ ಅದರ ಬಹಳ ಸುಂದರವಾದ ಪ್ರತಿಯೊಂದನ್ನು ತಂದು ಅಬುಲ್ ಅಲಾರಿಗೆ ಕಾಣಿಕೆಯಾಗಿ ಕೊಟ್ಟನಂತೆ. ಅವರು ಓದಿ ನೋಡಿದರು, ಮೆಚ್ಚಲಿಲ್ಲ. ಪುಸ್ತಕವನ್ನು ಗ್ರಂಥಾಲಯದಲ್ಲಿಡುವ ಬದಲು ಅದರ ಹಾಳೆಗಳ ಖಾಲಿ ಅಂಚುಗಳನ್ನು ಕತ್ತರಿಸಿ ರೋಗಿಗಳಿಗೆ ಔಷಧಿ ಚೀಟಿ ಬರೆದುಕೊಡಲು ಬಳಸಿದರು! ಹದಿಮೂರನೆಯ ಶತಮಾನದಲ್ಲಿ ವೈದ್ಯರ ಚರಿತ್ರೆಗಳನ್ನು ಸಂಗ್ರಹಿಸಿದ ಇಬ್ನ್ ಅಬೀ ಉಸೈಬಿಯಾ ಇದನ್ನು ದಾಖಲಿಸಿದ್ದಾರೆ. ಓದಿದಾಗ ನಗು ಬರುತ್ತದೆ, ಜೊತೆಗೆ ಹೊಟ್ಟೆಯೂ ಉರಿಯುತ್ತದೆ. ಆದರೆ ಆ ಮನೆಯ ಗುಣ ಇದರಿಂದ ತಿಳಿಯುತ್ತದೆ. ಪುಸ್ತಕದಲ್ಲಿ ಎಷ್ಟು ಅಂದವಾಗಿ ವಿಂಗಡಿಸಿ ಬರೆದಿದ್ದಾರೆ ಎಂಬುದಕ್ಕಿಂತ, ರೋಗಿಯ ಮುಂದೆ ಅದು ಕೆಲಸಕ್ಕೆ ಬರುತ್ತದೆಯೇ ಎಂಬುದನ್ನು ನೋಡುವ ಮನೆ ಅದು.

ಮಗ ಕಲಿತದ್ದು ಇಂತಹ ತಂದೆಯ ಕೈಕೆಳಗೆ. ಗ್ರೀಕ್ ವೈದ್ಯ ಗ್ಯಾಲನ್‌ನ ಗ್ರಂಥಗಳ ಅರಬಿ ಅನುವಾದಗಳನ್ನು ಓದಿಸಿದರು. ಹುಡುಗನಿನ್ನೂ ಚಿಕ್ಕವನಿದ್ದಾಗಲೇ ಹಿಪೊಕ್ರೆಟಿಸ್‌ನ ಪ್ರಮಾಣವನ್ನು ಮಾಡಿಸಿಕೊಂಡರು. ವೈದ್ಯವಿದ್ಯೆಯನ್ನು ಯಾರಿಗೂ ಕೇಡು ಮಾಡಲು ಬಳಸುವುದಿಲ್ಲ, ಯಾರಿಗೂ ವಿಷ ಕೊಡುವುದಿಲ್ಲ ಎಂಬ ಪ್ರಮಾಣ ಅದು. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಲೇಖನದ ಕೊನೆಗೆ ಮತ್ತೆ ಬೇಕಾಗುತ್ತದೆ.

ಆಗ ಅಂದಲುಸ್ ಮೊರೊಕ್ಕೊದಿಂದ ಬಂದ ಮುರಾಬಿತ್ ದೊರೆಗಳ ಕೈಯಲ್ಲಿತ್ತು. ತಂದೆಯಂತೆ ಮಗನೂ ಆಸ್ಥಾನ ಸೇರಿದರು. 1121-22ರಲ್ಲಿ ರಾಜಕುಮಾರ ಇಬ್ರಾಹಿಮ್ ಇಬ್ನ್ ಯೂಸುಫ್‌ಗಾಗಿ ಅಲ್ ಇಖ್ತಿಸಾದ್ ಎಂಬ ಪುಸ್ತಕ ಬರೆದುಕೊಟ್ಟರು. ಮನಸ್ಸು ಮತ್ತು ಶರೀರ ಎರಡರ ಆರೋಗ್ಯದ ಬಗ್ಗೆಯೂ ವೈದ್ಯನಲ್ಲದ ಒಬ್ಬ ಓದುಗನಿಗೆ ತಿಳಿಯುವಂತೆ ಹೇಳಿದ ಪುಸ್ತಕ. ಹೆಸರು ಬಂತು. ಆದರೆ ಅರಮನೆಯ ನಂಟು ಯಾವಾಗಲೂ ನೆಟ್ಟಗಿರುವುದಿಲ್ಲ. 1131ರ ಸುಮಾರಿಗೆ ತಂದೆ ತೀರಿಕೊಂಡರು. ಮುಂದೆ ದೊರೆ ಅಲೀ ಇಬ್ನ್ ಯೂಸುಫ್ ಇಬ್ನ್ ಝುಹ್ರರ ಮೇಲೆ ಮುನಿದು ಅವರನ್ನು ಮರಾಕೆಶ್‌ನ ಸೆರೆಮನೆಗೆ ತಳ್ಳಿದ. ಒಂದೆರಡು ದಿನವಲ್ಲ, ವರ್ಷಗಳೇ ಹೋದವು. ದೇಶದಲ್ಲೇ ಹೆಸರಾದ ವೈದ್ಯ, ನಡುವಯಸ್ಸಿನಲ್ಲಿ, ಕಬ್ಬಿಣದ ಬಾಗಿಲಿನ ಹಿಂದೆ. ಮುಂದೆ ಬರೆದ ಪುಸ್ತಕದಲ್ಲಿ ಈ ದೊರೆಯ ಹೆಸರು ಬಂದಲ್ಲೆಲ್ಲ ಅವರ ಕಹಿ ಅಡಗುವುದಿಲ್ಲ. 1147ರಲ್ಲಿ ಮುವಹ್ಹಿದ್‌ಗಳು ಮರಾಕೆಶ್ ಗೆದ್ದು ಮುರಾಬಿತ್ ರಾಜ್ಯ ಅಳಿಯಿತು. ಹೊಸ ಖಲೀಫ ಅಬ್ದುಲ್ ಮುಅ್‌ಮಿನ್ ಇಬ್ನ್ ಝುಹ್ರರನ್ನು ತನ್ನ ವೈದ್ಯರನ್ನಾಗಿ ಮಾಡಿಕೊಂಡು ಗೌರವದ ಸ್ಥಾನ ಕೊಟ್ಟ.

ಅವರ ದೊಡ್ಡ ಗ್ರಂಥ ಅತ್ತೈಸೀರ್ ಪೂರ್ಣವಾದದ್ದು ಈ ನಂತರದ ದಿನಗಳಲ್ಲಿ. ಹೆಸರಿನ ಅರ್ಥ ಸುಲಭಗೊಳಿಸುವುದು ಎಂದು. ಚಿಕಿತ್ಸೆ ಮತ್ತು ಪಥ್ಯವನ್ನು ಸುಲಭಗೊಳಿಸುವ ಗ್ರಂಥ. ಇದರ ಹಿಂದೆ ಒಂದು ಸ್ನೇಹವಿದೆ. ವಯಸ್ಸಿನಲ್ಲಿ ಸುಮಾರು ಮೂವತ್ತು ವರ್ಷ ಚಿಕ್ಕವರಾದ ಇಬ್ನ್ ರುಶ್ದ್ ವೈದ್ಯಶಾಸ್ತ್ರದ ಸಾಮಾನ್ಯ ತತ್ವಗಳನ್ನು ಕುರಿತು ಅಲ್ ಕುಲ್ಲಿಯ್ಯಾತ್ ಬರೆದರು. ಒಂದೊಂದು ಅಂಗಕ್ಕೂ ಬರುವ ಕಾಯಿಲೆ, ಅದರ ಚಿಕಿತ್ಸೆ ಇವುಗಳನ್ನು ತಾನು ಬರೆಯುವುದಿಲ್ಲ, ಅದಕ್ಕೆ ಇಬ್ನ್ ಝುಹ್ರರ ಪುಸ್ತಕ ಓದಿ ಎಂದು ತಮ್ಮ ಓದುಗರನ್ನು ಅತ್ತ ಕಳುಹಿಸಿದರು. ಒಬ್ಬರು ತತ್ವ, ಇನ್ನೊಬ್ಬರು ಪ್ರಯೋಗ. ಎರಡು ಪುಸ್ತಕ ಸೇರಿ ಒಂದು ಪೂರ್ಣ ವೈದ್ಯಗ್ರಂಥ. ಇಂದಿನ ದಿನಗಳಲ್ಲಿ ಎರಡು ಕಾಲೇಜುಗಳ ಪ್ರಾಧ್ಯಾಪಕರು ಇಷ್ಟು ಹೊಂದಿಕೊಂಡು ಕೆಲಸ ಮಾಡುವುದನ್ನು ನೋಡುವುದೂ ಕಷ್ಟ.

ಗ್ರಂಥ ಬರೆಯುತ್ತಿದ್ದಾಗ ಮೇಲಿನವರೊಬ್ಬರು ಬಂದು ನೋಡಿ, ಇದು ಸಾಮಾನ್ಯರಿಗೆ ಉಪಯೋಗವಾಗುವುದಿಲ್ಲ, ಬರೀ ಔಷಧಿಗಳ ಪಟ್ಟಿ ಬೇಕು ಎಂದು ತಕರಾರು ಮಾಡಿದರು. ಇಬ್ನ್ ಝುಹ್ರ್ ಮನಸ್ಸಿಲ್ಲದ ಮನಸ್ಸಿನಿಂದ ಅಲ್ ಜಾಮಿಅ್ ಎಂಬ ಔಷಧಸಂಗ್ರಹವನ್ನು ಕೊನೆಗೆ ಸೇರಿಸಿದರು. ಅದು ಕೆಳದರ್ಜೆಯದು, ಒತ್ತಾಯಕ್ಕೆ ಬರೆದದ್ದು ಎಂದು ಮುಚ್ಚುಮರೆಯಿಲ್ಲದೆ ಹೇಳಿಯೂ ಬಿಟ್ಟರು.

ಈಗ ಅವರನ್ನು ಇಂದಿನ ವೈದ್ಯರೂ ನೆನೆಯುವಂತೆ ಮಾಡಿದ ವಿಷಯಕ್ಕೆ ಬರೋಣ. ಅದು ಎದೆಗೂಡಿನ ಒಳಗಿನ ಕಾಯಿಲೆಗಳು. ಹೃದಯ ಮತ್ತು ಶ್ವಾಸಕೋಶಗಳ ನಡುವಿನ, ಕಣ್ಣಿಗೆ ಕಾಣದ, ಕೈಗೆ ಸಿಗದ ಜಾಗ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅದಕ್ಕಿಂತ ಏಳುನೂರು ವರ್ಷ ಹಿಂದಿನ ವೈದ್ಯನಿಗೆ ಇದ್ದ ಸಾಧನ ನಾಡಿ, ನೋವಿನ ಜಾಗ, ಕೆಮ್ಮು, ಉಗುಳು, ಜ್ವರ, ಮತ್ತು ರೋಗಿ ಹೇಳುವ ಮಾತು. ಇಷ್ಟೇ.

ಅನ್ನನಾಳದ ಕಾಯಿಲೆಯನ್ನು ಇಬ್ನ್ ಝುಹ್ರ್ ಹೀಗೆ ವಿವರಿಸುತ್ತಾರೆ. ಮೊದಲಿಗೆ ಸ್ವಲ್ಪ ನೋವು, ನುಂಗುವಾಗ ಒಂದಿಷ್ಟು ತಡೆ. ದಿನ ಕಳೆದಂತೆ ತಡೆ ಹೆಚ್ಚುತ್ತದೆ. ಕೊನೆಗೆ ದಾರಿ ಪೂರ್ತಿ ಮುಚ್ಚುತ್ತದೆ. ಒಳಗೆ ಬೆಳೆಯುವ ಗಡ್ಡೆಯಿಂದ ಇದು ಆಗುತ್ತದೆ ಎಂದರು. ಇಂದಿನ ವೈದ್ಯರು ಈ ವರ್ಣನೆಯನ್ನು ಓದಿದ ತಕ್ಷಣ ಅನ್ನನಾಳದ ಕ್ಯಾನ್ಸರ್ ಎಂದು ಗುರುತಿಸುತ್ತಾರೆ. ಗಡ್ಡೆಯಿಲ್ಲದೆ ಕೇವಲ ಗಂಟಲಿನ ಶಕ್ತಿ ಕುಂದಿ ನುಂಗಲಾಗದಿರುವುದು ಬೇರೆ ಕಾಯಿಲೆ ಎಂದೂ ಅವರು ತಿಳಿದಿದ್ದರು.

ಗುಣಪಡಿಸುವ ಔಷಧ ಅವರ ಬಳಿ ಇರಲಿಲ್ಲ. ಆದರೆ ರೋಗಿಯನ್ನು ಹಸಿವಿನಿಂದ ಸಾಯಲು ಬಿಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಬೆಳ್ಳಿಯ ಅಥವಾ ತವರದ ಒಂದು ಕೊಳವೆಯನ್ನು ಗಂಟಲಿನ ಮೂಲಕ ಮೆಲ್ಲಗೆ ಒಳಗೆ ಇಳಿಸಿ, ಅದರ ಮೂಲಕ ಹಾಲು, ತೆಳುವಾದ ಗಂಜಿಯಂತಹ ದ್ರವ ಆಹಾರ ಕೊಡುವುದು ಒಂದು ದಾರಿ. ಕೊಳವೆ ಹೋಗದಷ್ಟು ದಾರಿ ಮುಚ್ಚಿದ್ದರೆ ಮೇಕೆಯ ಮೂತ್ರಕೋಶವನ್ನು ಚೀಲದಂತೆ ಮಾಡಿ, ಬೆಳ್ಳಿಯ ನಳಿಗೆ ಕಟ್ಟಿ, ಗುದದ್ವಾರದ ಮೂಲಕ ಪೌಷ್ಟಿಕ ದ್ರವ ಕೊಡುವುದು ಇನ್ನೊಂದು. ಬೆಚ್ಚಗಿನ ಹಾಲಿನ ತೊಟ್ಟಿಯಲ್ಲಿ ರೋಗಿಯನ್ನು ಕೂರಿಸಿದರೆ ಚರ್ಮದ ರಂಧ್ರಗಳು ಪೋಷಣೆಯನ್ನು ಹೀರಿಕೊಳ್ಳುತ್ತವೆ ಎಂಬ ಮೂರನೆಯ ವಿಧಾನವೂ ಆಗ ಇತ್ತು. ಅದನ್ನು ಹೇಳಿದರೂ ಅವರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ನಂಬಿಕೆ ಇಡದಿದ್ದದ್ದು ಸರಿಯೇ, ಚರ್ಮದ ಮೂಲಕ ಹಾಲು ಹೊಟ್ಟೆ ತುಂಬಿಸುವುದಿಲ್ಲ. ಆದರೆ ಮೊದಲನೆಯ ವಿಧಾನವನ್ನು ನೋಡಿ. ಇಂದು ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ರೈಲ್ಸ್ ಟ್ಯೂಬ್ ಹಾಕಿಕೊಂಡ ರೋಗಿಯನ್ನು ಕಾಣುತ್ತೇವೆ. ವಸ್ತು ಬದಲಾಗಿದೆ, ಬೆಳ್ಳಿಯ ಜಾಗಕ್ಕೆ ಮೆತ್ತನೆಯ ಪ್ಲಾಸ್ಟಿಕ್ ಬಂದಿದೆ. ಉಪಾಯ ಅದೇ.

ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಇಲ್ಲಿ ಸ್ವಲ್ಪ ನಿಂತು, ಈ ಕಾಯಿಲೆ ಅಷ್ಟು ಕ್ರೂರವಾಗಿರುವುದು ಏಕೆ ಎಂಬುದನ್ನು ಇಂದಿನ ತಿಳುವಳಿಕೆಯ ಪ್ರಕಾರ ಹೇಳುವುದು ಒಳ್ಳೆಯದು. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮಾಂಸದ ಕೊಳವೆ. ಕುತ್ತಿಗೆಯ ಕೆಳಭಾಗದಲ್ಲಿ ಶುರುವಾಗಿ, ಶ್ವಾಸನಾಳದ ಹಿಂದೆ, ಬೆನ್ನುಮೂಳೆಯ ಮುಂದೆ ಇಳಿಯುತ್ತದೆ. ದಾರಿಯಲ್ಲಿ ಮಹಾಪಧಮನಿಯ ಕಮಾನು ಮತ್ತು ಎಡ ಶ್ವಾಸನಾಳ ಅದನ್ನು ಒತ್ತಿಕೊಂಡೇ ಹೋಗುತ್ತವೆ. ಇನ್ನೂ ಕೆಳಗೆ ಹೃದಯ ಅದರ ಮುಂದೆಯೇ ಕೂತಿದೆ. ಆಮೇಲೆ ವಪೆಯಲ್ಲಿರುವ ಒಂದು ಕಿಂಡಿಯ ಮೂಲಕ ಹೊಟ್ಟೆಯ ಕಡೆಗೆ ದಾಟುತ್ತದೆ. ಖಾಲಿ ಇದ್ದಾಗ ಚಪ್ಪಟೆಯಾಗಿ, ತುತ್ತು ಬಂದಾಗ ಅಗಲವಾಗಿ ಹಿಗ್ಗುವ ಕೊಳವೆ ಇದು. ಈ ಹಿಗ್ಗುವ ಗುಣವೇ ಶತ್ರುವಾಗುತ್ತದೆ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಉಳಿದ ಭಾಗ ಹಿಗ್ಗಿ ಆಹಾರಕ್ಕೆ ದಾರಿ ಬಿಡುವುದರಿಂದ, ಬಹುಭಾಗ ಮುಚ್ಚುವವರೆಗೆ ರೋಗಿಗೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ತೊಂದರೆ. ಹೊಟ್ಟೆ, ಕರುಳುಗಳಿಗೆ ಹೊರಗಿನಿಂದ ನುಣುಪಾದ ಒಂದು ಪೊರೆಯ ಹೊದಿಕೆ ಇದೆ. ಎದೆಯೊಳಗಿನ ಅನ್ನನಾಳಕ್ಕೆ ಅದಿಲ್ಲ. ಸಡಿಲವಾದ ಅಂಗಾಂಶದ ಮೂಲಕ ಅದು ಅಕ್ಕಪಕ್ಕದವರೊಡನೆ ನೇರವಾಗಿ ಅಂಟಿಕೊಂಡಿರುತ್ತದೆ. ಬೇಲಿಯಿಲ್ಲದ ಹೊಲದಂತೆ. ಜೊತೆಗೆ ಅದರ ಗೋಡೆಯೊಳಗೆ ದುಗ್ಧರಸದ ಸಣ್ಣ ಸಣ್ಣ ನಾಳಗಳ ದಟ್ಟ ಬಲೆ ಇದೆ, ಅದು ಅಡ್ಡಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹರಿಯುತ್ತದೆ. ಮೇಲಿನ ಭಾಗದ ದುಗ್ಧರಸ ಕುತ್ತಿಗೆಯ ಗ್ರಂಥಿಗಳಿಗೆ, ನಡುವಿನದು ಎದೆಯ ನಡುಭಾಗದ ಗ್ರಂಥಿಗಳಿಗೆ, ಕೆಳಗಿನದು ಜಠರದ ಪಕ್ಕದ ಗ್ರಂಥಿಗಳಿಗೆ ಹೋಗುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಕಾಯಿಲೆ ಮಾತ್ರ ಪಠ್ಯಪುಸ್ತಕ ಓದಿರುವುದಿಲ್ಲ. ಎದೆಯ ಮಧ್ಯದ ಗಡ್ಡೆಯ ಕಣಗಳು ಕುತ್ತಿಗೆಯಲ್ಲೂ ಸಿಗಬಹುದು, ಹೊಟ್ಟೆಯಲ್ಲೂ ಸಿಗಬಹುದು. ಶಸ್ತ್ರಚಿಕಿತ್ಸಕರು ಗಡ್ಡೆಯಿಂದ ಬಹಳ ದೂರದವರೆಗೆ ಅನ್ನನಾಳವನ್ನು ತೆಗೆಯುವುದು ಇದಕ್ಕೇ.

ಇನ್ನು ನರಗಳು. ಮೆದುಳಿನಿಂದ ಹೊರಟ ಎರಡು ವೇಗಸ್ ನರಗಳು ಅನ್ನನಾಳದ ಮೈಮೇಲೆ ಬಲೆ ನೇಯ್ದು, ಕೆಳಗೆ ಬರುವಾಗ ಎಡದ್ದು ಮುಂದಕ್ಕೂ ಬಲದ್ದು ಹಿಂದಕ್ಕೂ ಸರಿದು ಹೊಟ್ಟೆ ಸೇರುತ್ತವೆ. ಎಡ ವೇಗಸ್‌ನಿಂದ ಒಂದು ಕವಲು ಎದೆಯವರೆಗೂ ಇಳಿದು, ಮಹಾಪಧಮನಿಯ ಕಮಾನನ್ನು ಕೆಳಗಿನಿಂದ ಬಳಸಿ, ಅನ್ನನಾಳ ಮತ್ತು ಶ್ವಾಸನಾಳದ ನಡುವಿನ ತೋಡಿನಲ್ಲಿ ಮತ್ತೆ ಮೇಲಕ್ಕೆ ಹತ್ತಿ ಧ್ವನಿಪೆಟ್ಟಿಗೆಗೆ ಹೋಗುತ್ತದೆ. ಎದೆಯೊಳಗಿನ ಗಡ್ಡೆ ಈ ನರವನ್ನು ಹಿಡಿದರೆ ರೋಗಿಯ ಸ್ವರ ಒಡೆಯುತ್ತದೆ. ನುಂಗಲು ಕಷ್ಟ ಎಂದು ಬಂದವರ ಸ್ವರವೂ ಬಿದ್ದಿದ್ದರೆ ವೈದ್ಯರ ಮುಖ ಗಂಭೀರವಾಗುವುದು ಇದಕ್ಕಾಗಿ.

ಈ ಹಿಂತಿರುಗುವ ನರವನ್ನು ಎರಡನೆಯ ಶತಮಾನದಲ್ಲೇ ಗ್ಯಾಲನ್ ಬಲ್ಲ. ಅರಚುತ್ತಿದ್ದ ಹಂದಿಯ ಕುತ್ತಿಗೆಯಲ್ಲಿ ಆ ನರವನ್ನು ಕತ್ತರಿಸಿ, ಅದರ ಸ್ವರ ನಿಂತುಹೋಗುವುದನ್ನು ರೋಮ್ ನಗರದ ಜನರೆದುರು ತೋರಿಸಿದ್ದ. ದುಗ್ಧನಾಳಗಳ ವಿಷಯ ಹಾಗಲ್ಲ. ಅವು ವ್ಯವಸ್ಥಿತವಾಗಿ ತಿಳಿದದ್ದು ಬಹಳ ತಡವಾಗಿ. 1622ರ ಜುಲೈ ತಿಂಗಳಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಎಂಬ ವೈದ್ಯ ಇದೇ ಧ್ವನಿಯ ನರಗಳನ್ನು ತನ್ನ ಗೆಳೆಯರಿಗೆ ನಾಯಿಯೊಂದರಲ್ಲಿ ತೋರಿಸಿದ. ಆಮೇಲೆ ವಪೆಯ ಚಲನೆ ನೋಡೋಣವೆಂದು ಹೊಟ್ಟೆಯನ್ನು ತೆರೆದರೆ ಕರುಳಿನ ಸುತ್ತ ಬಿಳಿಯ ದಾರಗಳು ಕಂಡವು. ಮೊದಲು ಅವನ್ನೂ ನರಗಳೆಂದೇ ಭಾವಿಸಿದ. ಒಂದನ್ನು ಕತ್ತರಿಸಿದಾಗ ಹಾಲಿನಂತಹ ದ್ರವ ಚಿಮ್ಮಿತು. ನಾಯಿ ಸ್ವಲ್ಪ ಹೊತ್ತಿನ ಮುಂಚೆ ಹೊಟ್ಟೆತುಂಬ ತಿಂದಿತ್ತು, ಆ ಕೊಬ್ಬು ಈ ನಾಳಗಳಲ್ಲಿ ಹರಿಯುತ್ತಿತ್ತು. 1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ಆ ಬಿಳಿಯ ದ್ರವ ಬೆನ್ನುಮೂಳೆಯ ಮುಂದಿನ ಒಂದು ದೊಡ್ಡ ನಾಳದ ಮೂಲಕ ಎದೆಯನ್ನು ಹಾದು, ಕುತ್ತಿಗೆಯ ಬುಡದಲ್ಲಿ ರಕ್ತನಾಳಕ್ಕೆ ಸೇರುವುದನ್ನು ತೋರಿಸಿಕೊಟ್ಟ. ಅನ್ನನಾಳದ ಹಿಂದೆಯೇ ಹೋಗುವ ಈ ನಾಳ ಶಸ್ತ್ರಚಿಕಿತ್ಸೆಯಲ್ಲಿ ತಪ್ಪಿ ಹರಿದರೆ ಎದೆಯೊಳಗೆ ಹಾಲಿನಂತಹ ದ್ರವ ತುಂಬಿಕೊಳ್ಳುತ್ತದೆ.

ಇಬ್ನ್ ಝುಹ್ರರಿಗೆ ದುಗ್ಧರಸದ ಈ ವ್ಯವಸ್ಥೆ ತಿಳಿದಿರಲಿಲ್ಲ. ತಿಳಿದಿರಲು ಸಾಧ್ಯವೂ ಇರಲಿಲ್ಲ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಕೆಲವರಿಗೆ ಒಂದು ಚಟವಿದೆ. ಜಗತ್ತಿನಲ್ಲಿ ಇರುವುದೆಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂದು ಹೇಳದಿದ್ದರೆ ಸಮಾಧಾನವಿಲ್ಲ. ಇಬ್ನ್ ಝುಹ್ರರ ಬಗ್ಗೆಯೂ ಜಗತ್ತಿನಲ್ಲಿ ಮೊದಲು ಶವಪರೀಕ್ಷೆ ಮಾಡಿದವರು, ಶ್ವಾಸನಾಳದ ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದವರು ಎಂದೆಲ್ಲ ಬರೆಯುವವರಿದ್ದಾರೆ. ಮೊದಲನೆಯದನ್ನು ಒಪ್ಪುವಷ್ಟು ಆಧಾರ ಕಾಣುವುದಿಲ್ಲ. ಎರಡನೆಯದು ಗ್ರೀಕರ ಕಾಲದಿಂದಲೂ ಪುಸ್ತಕಗಳಲ್ಲಿದ್ದ ಸಂಗತಿ. ಅವರು ನಿಜವಾಗಿ ಮಾಡಿದ್ದು ಇದಕ್ಕಿಂತ ಸೊಗಸಾಗಿದೆ.

ಗಂಟಲು ಊದಿ ಉಸಿರುಕಟ್ಟಿದಾಗ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳವನ್ನು ಸೀಳಿ ಗಾಳಿಗೆ ದಾರಿ ಮಾಡಬಹುದೆಂದು ಹಿಂದಿನ ಕೆಲವರು ಬರೆದಿದ್ದರು. ಸೀಳಿದ ಎಲುಬಿನಂತಹ ಮೆದು ಭಾಗ ಮತ್ತೆ ಕೂಡುವುದಿಲ್ಲ, ರೋಗಿ ಸಾಯುತ್ತಾನೆ ಎಂದು ಇನ್ನು ಕೆಲವರು ಬರೆದಿದ್ದರು. ಸ್ವತಃ ಮಾಡಿ ನೋಡಿದವರು ಅಂದಲುಸಿನಲ್ಲಿ ಯಾರೂ ಇರಲಿಲ್ಲ. ಕೊರ್ದೊವಾದ ಮಹಾನ್ ಶಸ್ತ್ರವೈದ್ಯ ಅಝ್ಝಹ್ರಾವಿ, ಚೂರಿಯಿಂದ ತನ್ನ ಗಂಟಲನ್ನೇ ಕೊಯ್ದುಕೊಂಡ ದಾಸಿಯೊಬ್ಬಳ ಗಾಯವನ್ನು ಹೊಲಿದಾಗ ಅವಳು ಬದುಕಿ, ಸ್ವರ ಮಾತ್ರ ಗೊಗ್ಗರಾದದ್ದನ್ನು ಸುಮಾರು ನೂರು ವರ್ಷ ಮುಂಚೆ ಬರೆದಿಟ್ಟಿದ್ದರು. ಇಬ್ನ್ ಝುಹ್ರ್ ವಿದ್ಯಾರ್ಥಿಯಾಗಿದ್ದಾಗ ಈ ವಾದವಿವಾದ ಓದಿ, ಬಾಯಿಮಾತಿನಲ್ಲಿ ಒಂದು ಪಕ್ಷ ಹಿಡಿಯಲಿಲ್ಲ. ಒಂದು ಮೇಕೆಯನ್ನು ತಂದರು. ಕುತ್ತಿಗೆಯ ಚರ್ಮ ಬಿಡಿಸಿ, ಶ್ವಾಸನಾಳದಲ್ಲಿ ಒಂದು ಕಾಳಿನಷ್ಟು ಭಾಗವನ್ನು ಕತ್ತರಿಸಿ ತೆಗೆದರು. ಗಾಯವನ್ನು ಜೇನು ಬೆರೆಸಿದ ನೀರಿನಿಂದ ದಿನವೂ ತೊಳೆದರು. ಗಾಯ ಮಾಯಿತು, ಮೇಕೆ ಆಮೇಲೆ ಬಹುಕಾಲ ಬದುಕಿತು. ವಿವಾದ ಅಲ್ಲಿಗೆ ಮುಗಿಯಿತು. ಮನುಷ್ಯನ ಮೇಲೆ ಕೈಹಾಕುವ ಮುನ್ನ ಪ್ರಾಣಿಯ ಮೇಲೆ ಪರೀಕ್ಷಿಸುವ ಈ ಕ್ರಮ ಅವರ ಕಾಲಕ್ಕೆ ಅಪರೂಪ. ಇನ್ನೊಂದು ತಮಾಷೆಯೆಂದರೆ, ಶಸ್ತ್ರ ಹಿಡಿಯುವುದು, ರಕ್ತ ತೆಗೆಯುವುದು, ಸುಡಿಗೆ ಹಾಕುವುದು ಇವೆಲ್ಲ ವೈದ್ಯನ ಸಹಾಯಕರ ಕೆಲಸ, ದೊಡ್ಡ ವೈದ್ಯರಿಗೆ ತಕ್ಕುದಲ್ಲ ಎಂಬ ಆಗಿನ ಭಾವನೆ ಅವರಲ್ಲೂ ಇತ್ತು. ತನ್ನ ಕೈಯಾರೆ ಔಷಧ ಕುಟ್ಟಿ ಪಾಕ ಮಾಡುವುದೆಂದರೆ ಮಾತ್ರ ಚಿಕ್ಕಂದಿನಿಂದಲೂ ಇಷ್ಟ.

ಎದೆಯ ನಡುವಿನ ಪೊರೆಯಲ್ಲಿ ಆಗುವ ಬಾವನ್ನು ಅವರು ವಿವರಿಸಿದ್ದಂತೂ ತಮ್ಮ ಮೈಯಿಂದಲೇ. ಪ್ರಯಾಣದಲ್ಲಿದ್ದಾಗ ಎದೆಯೊಳಗೆ ನೋವು ಕಾಣಿಸಿತು, ಕೆಮ್ಮಿದಾಗ ಹೆಚ್ಚಾಯಿತು. ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿದರೆ ಗಟ್ಟಿಯಾಗಿದೆ, ಮೈಯಲ್ಲಿ ಜ್ವರ ಉರಿಯುತ್ತಿದೆ. ನಾಲ್ಕನೆಯ ರಾತ್ರಿ ತೋಳಿನಿಂದ ರಕ್ತ ತೆಗೆದುಕೊಂಡರು. ದಣಿವಿಗೆ ನಿದ್ದೆ ಬಂತು. ನಿದ್ದೆಯಲ್ಲಿ ತೋಳಿನ ಕಟ್ಟು ಸಡಿಲವಾಗಿ, ಎಚ್ಚರವಾದಾಗ ಹಾಸಿಗೆಯೆಲ್ಲ ರಕ್ತ. ಹೇಗೋ ಬದುಕಿದರು. ಇಂತಹ ಕಾಯಿಲೆಗೆ ರಕ್ತ ತೆಗೆಯುವ ಚಿಕಿತ್ಸೆಯನ್ನು ಇಂದಿನ ವೈದ್ಯರು ಮಾಡುವುದಿಲ್ಲ, ಮಾಡಬಾರದು ಕೂಡ. ಆದರೆ ಸಾವಿನ ಅಂಚಿನಲ್ಲಿ ಮಲಗಿದ್ದಾಗಲೂ ನೋವು ಎಲ್ಲಿ, ನಾಡಿ ಹೇಗೆ, ಎಷ್ಟನೆಯ ದಿನ ಎಂದು ಲೆಕ್ಕವಿಟ್ಟ ಮನುಷ್ಯನನ್ನು ಗಮನಿಸಬೇಕು. ಹೃದಯವನ್ನು ಸುತ್ತಿದ ಚೀಲದಲ್ಲಿ ನೀರು ತುಂಬುವುದನ್ನೂ, ಅಲ್ಲಿ ಪೊರೆಯ ಮೇಲೆ ಪೊರೆ ಇಟ್ಟಂತೆ ಗಟ್ಟಿ ವಸ್ತು ಬೆಳೆಯುವುದನ್ನೂ ಅವರು ಬರೆದಿದ್ದಾರೆ. ತುರಿಕಜ್ಜಿಯಲ್ಲಿ ಚರ್ಮದ ಕೆಳಗೆ ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ಜೀವಿಗಳಿರುತ್ತವೆ ಎಂದೂ.

ಅವರ ಬಗ್ಗೆ ಜನರ ಬಾಯಲ್ಲಿದ್ದ ಕತೆಗಳು ಹಲವು. ಇಶ್ಬೀಲಿಯಾದಲ್ಲಿ ಅರಮನೆಗೆ ಹೋಗುವ ದಾರಿಯಲ್ಲಿ ಹೊಟ್ಟೆ ಊದಿ ಮೈ ಹಳದಿಯಾದ ಬಡವನೊಬ್ಬ ದಿನವೂ ಕಾಣಿಸಿಕೊಂಡು ತನ್ನನ್ನು ನೋಡಬೇಕೆಂದು ಬೇಡುತ್ತಿದ್ದ. ಒಂದು ದಿನ ಇಬ್ನ್ ಝುಹ್ರ್ ನಿಂತು ನೋಡಿದರು. ಅವನ ತಲೆಯ ಬಳಿ ಹಳೆಯ ಹೂಜಿಯೊಂದಿತ್ತು, ನೀರು ಕುಡಿಯುವುದು ಅದರಿಂದಲೇ. ಅದನ್ನು ಒಡೆದುಹಾಕು ಎಂದರು. ತನ್ನ ಬಳಿ ಇರುವುದು ಅದೊಂದೇ ಎಂದು ಅವನು ಅಂಗಲಾಚಿದ. ಇವರು ಕೇಳಲಿಲ್ಲ, ಸೇವಕನಿಂದ ಒಡೆಸಿದರು. ಒಳಗಿನಿಂದ ಬಹಳ ದಿನದಿಂದ ಅಲ್ಲೇ ಬೆಳೆದಿದ್ದ ಕಪ್ಪೆಯೊಂದು ಹೊರಬಂತು. ಆ ನೀರು ಬಿಟ್ಟ ಮೇಲೆ ಬಡವ ಗುಣವಾದ. ಖಲೀಫ ಅಬ್ದುಲ್ ಮುಅ್‌ಮಿನ್‌ನ ಕತೆ ಇನ್ನೊಂದು. ಅವನಿಗೆ ಭೇದಿ ಔಷಧ ಕೊಡಬೇಕಿತ್ತು, ಆದರೆ ಅದರ ವಾಸನೆಗೇ ಮುಖ ಸಿಂಡರಿಸುತ್ತಿದ್ದ. ಇಬ್ನ್ ಝುಹ್ರ್ ಒಂದು ದ್ರಾಕ್ಷಿ ಬಳ್ಳಿಗೆ ಭೇದಿ ಔಷಧ ನೆನೆಸಿದ ನೀರನ್ನು ಹನಿಸಿ, ಗೊಂಚಲು ಬಿಟ್ಟಾಗ ತಂದುಕೊಟ್ಟರಂತೆ. ಹತ್ತು ಹಣ್ಣು ತಿಂದಾಗ ಸಾಕು ಎಂದು ತಡೆದರು, ಹತ್ತು ಸಲ ಹೊಟ್ಟೆ ಕಳಚಿತು. ಕಪ್ಪೆಯ ಕತೆಯನ್ನು ನಂಬಬಹುದು. ದ್ರಾಕ್ಷಿಯ ಲೆಕ್ಕ ಮಾತ್ರ ತೀರಾ ನೇರವಾಗಿದೆ, ಆಸ್ಥಾನದವರು ಸ್ವಲ್ಪ ಬಣ್ಣ ಹಚ್ಚಿರಬೇಕು. ಆಹಾರ ಪದಾರ್ಥಗಳ ಗುಣದೋಷ ಕುರಿತ ಅಲ್ ಅಗ್‌ಝಿಯಾ ಗ್ರಂಥವನ್ನು ಅವರು ಬರೆದದ್ದು ಇದೇ ಖಲೀಫನಿಗಾಗಿ.

ಆಹಾರದ ಬಗ್ಗೆ ಪುಸ್ತಕ ಬರೆದವರಿಗೆ ಒಂದು ದೌರ್ಬಲ್ಯವಿತ್ತು. ಅಂಜೂರವೆಂದರೆ ಪ್ರಾಣ. ಅದೇ ಊರಿನ ಅಲ್ ಫಾರ್ ಎಂಬ ಇನ್ನೊಬ್ಬ ವೈದ್ಯರು ಅಂಜೂರವನ್ನು ವರ್ಷಕ್ಕೊಮ್ಮೆ ಮುಟ್ಟಿದರೆ ಹೆಚ್ಚು. ಹೀಗೆ ಅಂಜೂರ ತಿಂದರೆ ನಿಮಗೆ ಕೆಟ್ಟ ಗಡ್ಡೆ ಏಳುತ್ತದೆ ಎಂದು ಅವರು ಎಚ್ಚರಿಸುವುದು, ಅದನ್ನು ಬಿಟ್ಟರೆ ನೀವು ಸೆಳೆತ ಬಂದು ಸಾಯುತ್ತೀರಿ ಎಂದು ಇವರು ತಿರುಗಿ ಹೇಳುವುದು, ಹೀಗೆ ನಡೆದಿತ್ತು. ಅಲ್ ಫಾರ್ ಸೆಳೆತ ಬಂದೇ ತೀರಿಕೊಂಡರು. ಇಬ್ನ್ ಝುಹ್ರರ ಪಕ್ಕೆಯಲ್ಲಿ ಗಡ್ಡೆ ಎದ್ದಿತು. ಅಂಜೂರಕ್ಕೂ ಗಡ್ಡೆಗೂ ಸಂಬಂಧವಿಲ್ಲ ಎಂದು ಇಂದು ನಾವು ಧೈರ್ಯವಾಗಿ ಹೇಳಬಹುದು, ಆದರೆ ಊರವರು ಆಡಿಕೊಳ್ಳದೆ ಇದ್ದಾರೆಯೇ? ಅವರ ತಂದೆಯನ್ನೂ ಇಂತಹುದೇ ಒಂದು ಗಡ್ಡೆ ಒಯ್ದಿತ್ತು, ಅವರದ್ದು ಹೆಗಲುಗಳ ನಡುವೆ.

ಔಷಧ, ಮುಲಾಮುಗಳನ್ನು ತಾವೇ ತಯಾರಿಸಿ ಹಚ್ಚಿಕೊಂಡರು. ಗುಣ ಕಾಣಲಿಲ್ಲ. ಮಗ ಅಬೂ ಬಕ್ರ್ ಸ್ವತಃ ದೊಡ್ಡ ವೈದ್ಯರು. ಈ ಔಷಧದ ಬದಲು ಇನ್ನೊಂದನ್ನು ಹಾಕಿ ನೋಡೋಣ, ಇದರಲ್ಲಿ ಅದನ್ನು ಸೇರಿಸೋಣ ಎಂದು ತಂದೆಯ ಬಳಿ ಕೂತು ಹೇಳುತ್ತಿದ್ದರು. ಅಲ್ಲಾಹನು ಈ ದೇಹವನ್ನು ಬದಲಿಸಲು ಇಚ್ಛಿಸಿದ್ದರೆ ಅದಕ್ಕೆ ತಕ್ಕ ಔಷಧವನ್ನೇ ತಮ್ಮ ಕೈಗೆ ಕೊಡುತ್ತಿದ್ದ ಎಂಬ ಅರ್ಥದಲ್ಲಿ ತಂದೆ ಮಗನನ್ನು ಸಮಾಧಾನಪಡಿಸಿದರು. ನುಂಗಲಾರದವರ ಪಕ್ಕದಲ್ಲಿ ಬೆಳ್ಳಿಯ ಕೊಳವೆ ಹಿಡಿದು ಕೂತಿದ್ದವರಿಗೆ ಔಷಧದ ಎಲ್ಲೆ ಯಾವುದು ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. 1162ರಲ್ಲಿ ಇಶ್ಬೀಲಿಯಾದಲ್ಲೇ ಅವರು ತೀರಿಕೊಂಡರು. ನಗರದ ವಿಜಯದ್ವಾರದ ಹೊರಗೆ ದಫನ ಮಾಡಿದರು.

ಅತ್ತೈಸೀರ್ ಹೀಬ್ರೂ ಭಾಷೆಗೆ ಹೋಯಿತು. ಅಲ್ಲಿಂದ 1280ರ ಸುಮಾರಿಗೆ ಇಟಲಿಯಲ್ಲಿ ಲ್ಯಾಟಿನ್‌ಗೆ ಬಂತು. 1490ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದಾಗ ಇಬ್ನ್ ರುಶ್ದ್‌ರ ಕುಲ್ಲಿಯ್ಯಾತ್ ಅದರ ಜೊತೆಯಲ್ಲೇ ಇತ್ತು. ಇಬ್ಬರು ಗೆಳೆಯರು ಬಯಸಿದ ಜೋಡಿ ಮುನ್ನೂರು ವರ್ಷಗಳ ಮೇಲೆ ಬೇರೆ ಭಾಷೆಯಲ್ಲಿ ಒಂದಾಯಿತು. ಯುರೋಪಿನ ಹಳೆಯ ಕೆಲವು ಲೇಖಕರು ಅವರನ್ನು ಯಹೂದಿಯೆಂದೂ ತಪ್ಪಾಗಿ ಬರೆದರು. ಬಹುಶಃ ಪುಸ್ತಕ ಹೀಬ್ರೂ ದಾರಿಯಿಂದ ಬಂದದ್ದೇ ಈ ಗೊಂದಲಕ್ಕೆ ಕಾರಣವಾಗಿರಬಹುದು. ನಮ್ಮ ದೇಶದಲ್ಲಿ ಯುನಾನಿ ವೈದ್ಯ ಓದುವವರಿಗಾಗಿ ಗ್ರಂಥದ ಉರ್ದು ಅನುವಾದವೂ ಬಂದಿದೆ.

ಮನೆತನದ ಕತೆ ಅವರೊಂದಿಗೆ ಮುಗಿಯಲಿಲ್ಲ. ಮಗ ಅಬೂ ಬಕ್ರ್ ಮುವಹ್ಹಿದ್ ಖಲೀಫರ ವೈದ್ಯರಾದರು, ಅಂದಲುಸಿನ ಹಾಡುಗಬ್ಬದಲ್ಲಿ ಇಂದಿಗೂ ಹೆಸರಿರುವ ಕವಿಯೂ ಆದರು. ಮಗಳು ವೈದ್ಯೆ. ಅವಳ ಮಗಳೂ ವೈದ್ಯೆ. ಮೂರು ತಲೆಮಾರಿನ ಗಂಡಸರ ಮನೆವಿದ್ಯೆ ಈ ಇಬ್ಬರು ಹೆಣ್ಣುಮಕ್ಕಳ ಕೈಗೂ ಬಂದಿತ್ತು. ಖಲೀಫ ಯಾಕೂಬ್ ಅಲ್ ಮನ್ಸೂರನ ಅಂತಃಪುರದ ಹೆಂಗಸರ ಚಿಕಿತ್ಸೆ, ಹೆರಿಗೆ ಎಲ್ಲವೂ ಇವರದ್ದು, ಬೇರೆ ಯಾರನ್ನೂ ಖಲೀಫ ಒಳಗೆ ಬಿಡುತ್ತಿರಲಿಲ್ಲ. ಆಸ್ಥಾನದ ಒಬ್ಬ ವಝೀರನಿಗೆ ಅಬೂ ಬಕ್ರ್‌ರ ಮೇಲೆ ಅಸೂಯೆ ಹುಟ್ಟಿತು. 1198-99ರಲ್ಲಿ, ಮರಾಕೆಶ್ ನಗರದಲ್ಲಿ, ಅಬೂ ಬಕ್ರ್ ಮತ್ತು ಆ ತಂಗಿಯ ಮಗಳು ಇಬ್ಬರೂ ಸತ್ತರು. ಅವರ ಊಟದಲ್ಲಿ ವಿಷ ಹಾಕಿಸಿದ್ದು ಆ ವಝೀರನೇ ಎಂದು ಇಬ್ನ್ ಅಬೀ ಉಸೈಬಿಯಾ ಬರೆಯುತ್ತಾರೆ.